ಮನೆವಾರ್ತೆಯ ಖರ್ಚಿಗೆ ಕ್ರೆಡಿಟ್ ಕಾರ್ಡು ತಕ್ಕದ್ದೋ?



ಅಕ್ಕಿ, ಬೇಳೆ, ಎಣ್ಣೆ, ಸಾಬೂನು, ಮಕ್ಕಳ ಪುಸ್ತಕ, ಔಷಧ ಮುಂತಾದ ದಿನದಿನದ ಅಗತ್ಯಗಳನ್ನು ಕೈಯಲ್ಲಿರುವ ಹಣದಿಂದ ಕೊಳ್ಳದೆ, ಬ್ಯಾಂಕಿನವರು ಕೊಟ್ಟ ಕ್ರೆಡಿಟ್ ಕಾರ್ಡಿನಿಂದ ಕೊಂಡು, ಅದರ ಹಣವನ್ನು ಬರುವ ತಿಂಗಳಲ್ಲಿ ಸಲ್ಲಿಸುವದು ಒಳ್ಳೇ ನಡತೆಯೋ ಅಲ್ಲವೋ ಎಂಬ ಪ್ರಶ್ನೆಯು ಈಗ ನಮ್ಮ ಹಳ್ಳಿಗಳಲ್ಲಿಯೂ ಹುಟ್ಟಿದೆ. ಕೆಲವರು, ಸಾಲವೆಲ್ಲ ಪಾಪವೇ, ಆ ಕಾರ್ಡನ್ನು ಮುಟ್ಟಲೇ ಬಾರದು ಅನ್ನುತ್ತಾರೆ. ಬೇರೆ ಕೆಲವರು, ಲೋಕವೆಲ್ಲ ಹಾಗೆಯೇ ನಡೆಯುತ್ತಿರುವಾಗ ಬಡ್ಡಿಯಿಲ್ಲದೆ ಸಿಕ್ಕುವ ಹಣವನ್ನು ಬಿಡುವವನು ಬುದ್ಧಿಹೀನನು ಅನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವದನ್ನಾದರೂ ವಿಚಾರಿಸದೆ ಒಪ್ಪಿಕೊಳ್ಳುವದು ಸರಿಯಲ್ಲ. ಆದದರಿಂದ ನಾವು ಈ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಶೋಧಿಸೋಣ.

ಇದು ಪಟ್ಟಣದವರ ಮಾತು, ಹೊಲಮನೆಯವರಾದ ನಮಗೆ ಇದರಿಂದ ಏನು ಎಂದು ಯಾರೂ ನೆನಸಬಾರದು. ೨೦೨೨ನೇ ವರುಷದ ಸೆಪ್ಟೆಂಬರ್ ತಿಂಗಳಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಫೋನಿನ ಯುಪಿಐಗೆ ಕೂಡಿಸಿ, ಚಿಕ್ಕ ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಗುರುತಿಗೆ ಫೋನು ಹಿಡಿದು ಸಾಮಾನು ಕೊಳ್ಳುವ ದಾರಿ ತೆರೆಯಿತು. ಅದಲ್ಲದೆ ನಮ್ಮ ಗಂಡು ಹೆಣ್ಣು ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೂ ಹುಬ್ಬಳ್ಳಿಗೂ ಮಂಗಳೂರಿಗೂ ಹೋಗಿ, ಸಂಬಳ ಬರುವದಕ್ಕೆ ಮೊದಲಾದ ಮೇಲೆ ಬ್ಯಾಂಕಿನವರೇ ಅವರನ್ನು ಕರೆದು ಕಾರ್ಡು ತೆಗೆದುಕೊಳ್ಳಿರಿ ಎಂದು ಬೇಡುತ್ತಾರೆ. ಹಬ್ಬಕ್ಕೆ ಊರಿಗೆ ಬಂದ ಮಗನ ಕಿಸೆಯಲ್ಲಿ ಆ ಕಾರ್ಡು ಇರುವದು. ಅದರಿಂದ ಕೊಂಡ ಸಾಮಾನು ತಾಯಿಯ ಅಡಿಗೆಮನೆಯಲ್ಲಿ ಇರುವದು. ಹೀಗಿರಲಾಗಿ ಇದು ನಮ್ಮ ಮನೆಯ ಸಂಗತಿಯೇ ಸರಿ.

ಮೊದಲು ಕಾರ್ಡಿನ ರೀತಿಯನ್ನು ತಿಳಿದುಕೊಳ್ಳೋಣ. ನಾವು ಅಂಗಡಿಯಲ್ಲಿ ಅದನ್ನು ತೋರಿಸಿದಾಗ ನಮ್ಮ ಹಣವು ಹೋಗುವದಿಲ್ಲ. ಬ್ಯಾಂಕು ನಮ್ಮ ಪರವಾಗಿ ಅಂಗಡಿಯವನಿಗೆ ಹಣ ಸಲ್ಲಿಸಿ, ಅಷ್ಟನ್ನು ನಮ್ಮ ಹೆಸರಿನಲ್ಲಿ ಸಾಲವೆಂದು ಬರೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಲೆಕ್ಕವನ್ನು ಮುರಿದು ಬಿಲ್ಲು ಕಳುಹಿಸುತ್ತದೆ. ಅದನ್ನು ಸಲ್ಲಿಸುವದಕ್ಕೆ ಮತ್ತೂ ಕೆಲವು ದಿವಸಗಳ ವಾಯಿದೆ ಇರುವದು. ಹೀಗೆ ಸಾಮಾನು ಕೊಂಡ ದಿವಸವು ಅನುಕೂಲವಾಗಿ ಬಿದ್ದರೆ ೪೫ ಅಥವಾ ೫೦ ದಿವಸಗಳ ವರೆಗೂ ಬಡ್ಡಿಯಿಲ್ಲದೆ ಹಣವು ನಮ್ಮ ವಶದಲ್ಲಿ ಉಳಿಯುವದು. ಆದರೆ ಈ ಸೌಕರ್ಯಕ್ಕೆ ಒಂದು ಕರಾರು ಉಂಟು: ಬಿಲ್ಲಿನ ಹಣವೆಲ್ಲವನ್ನು ವಾಯಿದೆಯೊಳಗೆ ಸಲ್ಲಿಸಬೇಕು. ಅದರಲ್ಲಿ ಕೊಂಚ ಬಾಕಿ ಉಳಿದರೂ ಬಡ್ಡಿಯಿಲ್ಲದ ಕಾಲವು ತಪ್ಪಿಹೋಗಿ, ಆ ಮೇಲೆ ಕೊಳ್ಳುವ ಉಪ್ಪು ಮೆಣಸಿನಕಾಯಿಗೂ ಕೊಂಡ ದಿವಸದಿಂದಲೇ ಬಡ್ಡಿ ಹತ್ತುವದು. ಕಾರ್ಡಿನಿಂದ ನಗದು ತೆಗೆದವನಿಗಂತೂ ಮೊದಲಿನ ದಿವಸದಿಂದಲೇ ಬಡ್ಡಿ; ಅದರ ಮೇಲೆ ಶುಲ್ಕವೂ ಬೇರೆ. ಇನ್ನೊಂದು ಸಂಗತಿ ಏನಂದರೆ, ಬಿಲ್ಲಿನಲ್ಲಿ ಪೂರ್ಣ ಮೊತ್ತದ ಬಳಿಯಲ್ಲಿ ಕನಿಷ್ಠ ಪಾವತಿ ಎಂಬ ಒಂದು ಸಣ್ಣ ಮೊತ್ತವನ್ನೂ ಬರೆದಿರುವರು. ಅದು ಸಾಧಾರಣವಾಗಿ ನೂರಕ್ಕೆ ೫ರ ಆಸುಪಾಸಿನಲ್ಲಿ ಇರುತ್ತದೆ. ಇಷ್ಟನ್ನೇ ಕೊಟ್ಟರೆ ಈ ತಿಂಗಳಿಗೆ ಸಾಕು ಎಂದು ತೋರುವದು. ಈ ಸಣ್ಣ ಮೊತ್ತವೇ ಬಹು ಕುಟುಂಬಗಳ ಹಳ್ಳವಾಗಿದೆ.

ಇಂಥ ಕಾರ್ಡು ಹುಟ್ಟಿದ್ದು ಅಮೇರಿಕ ದೇಶದಲ್ಲಿ. ೧೯೫೦ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಡೈನರ್ಸ್ ಕ್ಲಬ್ ಎಂಬವರು ಹೋಟೆಲುಗಳಲ್ಲಿ ಊಟ ಮಾಡುವವರಿಗೋಸ್ಕರ ಒಂದು ಕಾರ್ಡನ್ನು ಹೊರಡಿಸಿದರು. ಅದರಲ್ಲಿ ತಿಂಗಳ ಲೆಕ್ಕವನ್ನೆಲ್ಲ ತೀರಿಸಲೇ ಬೇಕಾಗಿತ್ತು. ೧೯೫೮ರ ಸೆಪ್ಟೆಂಬರ್ ತಿಂಗಳಲ್ಲಿ ಬ್ಯಾಂಕ್ ಆಫ್ ಅಮೇರಿಕದವರು ಕ್ಯಾಲಿಫೋರ್ನಿಯದ ಫ್ರೆಸ್ನೋ ಎಂಬ ಊರಿನಲ್ಲಿ ಸುಮಾರು ೬೦,೦೦೦ ಕಾರ್ಡುಗಳನ್ನು, ಯಾರೂ ಕೇಳದಿರುವಾಗಲೇ, ಅಂಚೆಯ ಮೂಲಕ ಮನೆಮನೆಗೆ ಕಳುಹಿಸಿದರು. ಅದರಲ್ಲಿ ಬಾಕಿಯನ್ನು ಬಡ್ಡಿಯ ಸಂಗಡ ಮುಂದಿನ ತಿಂಗಳಿಗೆ ದೂಡುವ ಅನುಕೂಲವಿತ್ತು. ನೂರಕ್ಕೆ ೪ ಲೆಕ್ಕಗಳಲ್ಲಿ ಹಣ ಸಲ್ಲಿಸುವದು ತಪ್ಪಬಹುದೆಂದು ಆ ಬ್ಯಾಂಕಿನವರು ಎಣಿಸಿದ್ದರು. ಕಾರ್ಡುಗಳು ಆ ಸೀಮೆಯಲ್ಲೆಲ್ಲ ಹರಡಿದ ಮೇಲೆ ತಪ್ಪಿದವುಗಳು ನೂರಕ್ಕೆ ೨೨ ಆದವು. ಆ ಜನರೆಲ್ಲರು ದುಷ್ಟರಾಗಿದ್ದರೆಂದು ಹೇಳಲಾಗದು. ಕೇಳದೆ ಬಂದ ಸಾಲವು ಮನುಷ್ಯನ ಕೈಯನ್ನು ಹೇಗೆ ಸಡಿಲಿಸುವದೆಂಬದು ಇದರಿಂದ ಕಾಣುತ್ತದೆ. ಕೇಳದವರಿಗೆ ಕಾರ್ಡು ಕಳುಹಿಸುವದನ್ನು ಅಮೇರಿಕದ ಸರಕಾರವು ೧೯೭೦ರಲ್ಲಿ ನಿಷೇಧಿಸಿತು. ನಮ್ಮ ರಿಸರ್ವ್ ಬ್ಯಾಂಕು ಸಹ ೨೦೨೨ರಲ್ಲಿ ಹೊರಡಿಸಿದ ನಿಯಮಗಳಲ್ಲಿ, ಒಪ್ಪಿಗೆಯಿಲ್ಲದೆ ಕಾರ್ಡು ಕೊಟ್ಟು ಹಣ ವಸೂಲು ಮಾಡಿದ ಬ್ಯಾಂಕು ಆ ಹಣವನ್ನು ತಿರುಗಿ ಬಿಡುವದಲ್ಲದೆ ಅದರ ಎರಡರಷ್ಟು ದಂಡವನ್ನೂ ಕೊಡಬೇಕೆಂದು ಗೊತ್ತುಮಾಡಿತು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಸಾಲ ಮಾಡುವದೇ ಪಾಪವೋ? ಹಾಗೆ ಹೇಳಲು ನಮಗೆ ಆಧಾರವಿಲ್ಲ. ಬಿತ್ತನೆಗೆ ಸಾಲ ಮಾಡಿದವನು ಬೆಳೆಯಿಂದ ತೀರಿಸುತ್ತಾನೆ. ಎಮ್ಮೆಗೆ ಸಾಲ ಮಾಡಿದವಳು ಹಾಲಿನಿಂದ ತೀರಿಸುತ್ತಾಳೆ. ಇಂಥ ಸಾಲವು ಮನೆಗೆ ಬಲವನ್ನು ತರಬಹುದು. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ೧೯೦೫ರಲ್ಲಿ ವ್ಯವಸಾಯದ ಸಹಕಾರಿ ಸಂಘವನ್ನು ಕಟ್ಟಿದ್ದು, ರೈತರಿಗೆ ಸಾಲವೇ ಬೇಡವೆಂದು ಹೇಳುವದಕ್ಕಲ್ಲ, ನ್ಯಾಯವಾದ ಬಡ್ಡಿಗೆ ತಕ್ಕ ಕಾರ್ಯಕ್ಕೆ ಸಾಲ ದೊರಕಿಸುವದಕ್ಕೇ. ೧೯೯೮ರಲ್ಲಿ ಸರಕಾರದವರು ಆರಂಭಿಸಿದ ಕಿಸಾನ್ ಕ್ರೆಡಿಟ್ ಕಾರ್ಡು ಸಹ ಮುಖ್ಯವಾಗಿ ಸಾಗುವಳಿಯ ಸಾಲವೇ. ಹೆಸರು ಒಂದೇ ತರವಾಗಿರುವದರಿಂದ ಅದೂ ಇದೂ ಒಂದೇ ಎಂದು ಕೆಲವರು ತಿಳಿಯುತ್ತಾರೆ. ಆದರೆ ಅದರ ಬಡ್ಡಿ ಬೇರೆ, ಉದ್ದೇಶ ಬೇರೆ, ತೀರಿಸುವ ಕಾಲವೂ ಬೇರೆ.

ಹಾಗಾದರೆ ಅನ್ನದ ಸಾಲಕ್ಕೂ ಬಿತ್ತನೆಯ ಸಾಲಕ್ಕೂ ಇರುವ ಭೇದವೇನು? ನಮ್ಮ ಎಣಿಕೆಯಲ್ಲಿ ಅದು ಇಷ್ಟೇ: ಬಿತ್ತನೆಯ ಅಗತ್ಯವು ಬಂದು ಮುಗಿಯುವದು, ಅನ್ನದ ಅಗತ್ಯವು ಮುಗಿಯುವದೇ ಇಲ್ಲ. ಮನೆ ಕಟ್ಟಿದವನು ಬರುವ ತಿಂಗಳಲ್ಲಿ ಮತ್ತೊಂದು ಮನೆಯನ್ನು ಕಟ್ಟುವದಿಲ್ಲ. ಅನ್ನ ಉಂಡವನಾದರೋ ನಾಳೆಯೂ ಉಣ್ಣಬೇಕು. ಈ ತಿಂಗಳ ಅಕ್ಕಿಯ ಸಾಲವು ತೀರುವದಕ್ಕೆ ಮುಂಚೆ ಬರುವ ತಿಂಗಳ ಅಕ್ಕಿಯು ಬೇಕಾಗುವದು. ಆಗ ಬರುವ ಸಂಬಳವು ತಿಂದು ತೀರಿದ ಅನ್ನಕ್ಕೆ ಹೋಗುವದರಿಂದ, ತಿನ್ನಬೇಕಾದ ಅನ್ನಕ್ಕೆ ಪುನಃ ಸಾಲವೇ ಗತಿಯಾಗುವದು. ಹೀಗೆ ಆ ಮನೆಯವರು ಯಾವಾಗಲೂ ಒಂದು ತಿಂಗಳು ಹಿಂದೆಯೇ ಬದುಕುತ್ತಾರೆ. ಕೆಲಸ ತಪ್ಪಿದರೆ, ಕಾಯಿಲೆ ಬಂದರೆ, ಮಳೆ ಹೋದರೆ, ಆ ಒಂದು ತಿಂಗಳು ಎರಡಾಗುವದು, ಮೂರಾಗುವದು.

ಇದನ್ನು ಲೆಕ್ಕದಿಂದ ತೋರಿಸೋಣ. ನಮ್ಮ ಹಳ್ಳಿಗಳಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತೇವಷ್ಟೆ; ಮೂರು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ೩ ರೂಪಾಯಿ. ಸಾಹುಕಾರನು ಮೂರು ರೂಪಾಯಿ ಬಡ್ಡಿ ಕೇಳಿದರೆ, ಇದು ರಕ್ತ ಹೀರುವ ಬಡ್ಡಿ ಎಂದು ನಾವು ಎದ್ದು ಬರುತ್ತೇವೆ. ಆದರೆ ಬಾಕಿ ಉಳಿದ ಕಾರ್ಡಿನ ಸಾಲಕ್ಕೆ ಅನೇಕ ಬ್ಯಾಂಕುಗಳು ತೆಗೆದುಕೊಳ್ಳುವದು ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು. ೧೦,೦೦೦ ರೂಪಾಯಿ ಬಾಕಿಗೆ ಒಂದು ತಿಂಗಳ ಬಡ್ಡಿ ೩೫೦ ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ ೧೮ರ ಮೇರೆಗೆ ಜಿಎಸ್‌ಟಿ ತೆರಿಗೆ ೬೩ ರೂಪಾಯಿ. ಒಟ್ಟು ೪೧೩ ರೂಪಾಯಿ. ಮನೆಯವನು ಕನಿಷ್ಠ ಪಾವತಿಯೆಂದು ೫೦೦ ರೂಪಾಯಿ ಕೊಟ್ಟು, ನನ್ನ ಮಾತನ್ನು ಉಳಿಸಿಕೊಂಡೆನು ಎಂದು ನೆಮ್ಮದಿಯಿಂದ ಮಲಗುತ್ತಾನೆ. ಆದರೆ ಅಸಲಿನಲ್ಲಿ ಇಳಿದದ್ದು ೮೭ ರೂಪಾಯಿ ಮಾತ್ರವೇ. ಅದೇ ತಿಂಗಳಲ್ಲಿ ಮನೆಗೆ ಮತ್ತೆ ೧೦,೦೦೦ ರೂಪಾಯಿಯ ಸಾಮಾನು ಕಾರ್ಡಿನಿಂದಲೇ ಬಂದಿದ್ದರೆ, ಹೊಸ ಸಾಮಾನಿನ ಬಡ್ಡಿಯನ್ನು ಬಿಟ್ಟು ಎಣಿಸಿದರೂ ಸಾಲವು ೧೯,೯೧೩ ರೂಪಾಯಿ ಆಯಿತು. ಏನೂ ಕೊಡದೆ ಒಂದು ವರುಷ ಬಿಟ್ಟರೆ, ಬಡ್ಡಿಗೆ ಬಡ್ಡಿ ಸೇರಿ, ತೆರಿಗೆ ದಂಡಗಳನ್ನು ಬಿಟ್ಟರೂ, ೧೦,೦೦೦ ರೂಪಾಯಿ ೧೫,೧೧೦ ರೂಪಾಯಿ ಆಗುವದು.

ಈ ಬಡ್ಡಿಗೆ ಕಾನೂನು ಮೇರೆ ಹಾಕಲಾರದೋ ಎಂದು ಕೆಲವರು ಕೇಳಬಹುದು. ೨೦೦೮ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ವರುಷಕ್ಕೆ ನೂರಕ್ಕೆ ೩೦ರ ಮೇಲೆ ಕಾರ್ಡಿನ ಬಡ್ಡಿ ತೆಗೆಯುವದು ಅನ್ಯಾಯದ ವ್ಯಾಪಾರವೆಂದು ತೀರ್ಪು ಕೊಟ್ಟಿತ್ತು. ಆ ತೀರ್ಪನ್ನು ೨೦೨೪ರ ಡಿಸೆಂಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಆದದರಿಂದ ಹೊರಗಿನ ಮೇರೆಯನ್ನು ನೆಚ್ಚಿಕೊಂಡು ಕೂತುಕೊಳ್ಳದೆ, ಪ್ರತಿ ಮನೆಯವರು ತಮ್ಮ ಮೇರೆಯನ್ನು ತಾವೇ ಹಾಕಿಕೊಳ್ಳಬೇಕಾಗಿದೆ.

ಇಲ್ಲಿ ಒಬ್ಬನು ಎದ್ದು, ನಾನು ಒಂದು ತಿಂಗಳಾದರೂ ಬಾಕಿ ಉಳಿಸಿದವನಲ್ಲ. ಬಿಲ್ಲು ಬಂದ ಕೂಡಲೆ ಪೂರ್ತಿಯಾಗಿ ಸಲ್ಲಿಸುತ್ತೇನೆ. ಒಂದು ಕಾಸು ಬಡ್ಡಿ ಕೊಡದೆ ಮೇಲೆ ಬಹುಮಾನದ ಅಂಕಗಳನ್ನೂ ಪಡೆಯುತ್ತೇನೆ. ನನ್ನಲ್ಲಿ ತಪ್ಪೇನು ಎಂದು ಕೇಳಬಹುದು. ಈ ಸಹೋದರನ ಮಾತು ನ್ಯಾಯವಾದದ್ದೇ. ಹಣವು ತನ್ನ ಲೆಕ್ಕದಲ್ಲಿ ಇರುವಾಗಲೇ ಕಾರ್ಡನ್ನು ಉಪಯೋಗಿಸುವವನು ನಾಳೆಯ ಅನ್ನವನ್ನು ಇಂದು ತಿನ್ನುವದಿಲ್ಲ. ತನ್ನ ಹಣವನ್ನು ತಡವಾಗಿ ಕೊಡುತ್ತಾನೆ, ಅಷ್ಟೇ. ಇವನನ್ನು ನಾವು ದೂಷಿಸುವದಿಲ್ಲ. ಆದರೂ ಎರಡು ಸಂಗತಿಗಳನ್ನು ಇವನು ಆಲೋಚಿಸಬೇಕು.

ಒಂದನೆಯದು, ಖರ್ಚಿನ ಅಳತೆ. ನೋಟು ಎಣಿಸಿ ಕೊಡುವಾಗ ಮನಸ್ಸಿಗೆ ಒಂದು ಸಣ್ಣ ನೋವು ಆಗುವದು; ಕಾರ್ಡು ತೋರಿಸುವಾಗ ಅದು ಆಗುವದಿಲ್ಲ. ಇದು ಬರೇ ಊಹೆಯಲ್ಲ. ಅಮೇರಿಕದ ಎಂಐಟಿ ವಿದ್ಯಾಲಯದ ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಎಂಬ ಇಬ್ಬರು ಪಂಡಿತರು ೨೦೦೧ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಬಾಸ್ಕೆಟ್‌ಬಾಲ್ ಪಂದ್ಯದ ಟಿಕೇಟುಗಳನ್ನು ಅವರು ವಿದ್ಯಾರ್ಥಿಗಳ ಮುಂದೆ ಸವಾಲಿಗೆ ಇಟ್ಟು, ಕೆಲವರಿಗೆ ನಗದು ಕೊಡಬೇಕೆಂದೂ ಕೆಲವರಿಗೆ ಕಾರ್ಡಿನಿಂದ ಕೊಡಬೇಕೆಂದೂ ಹೇಳಿದರು. ಟಿಕೇಟು ಒಂದೇ, ಪಂದ್ಯವೂ ಒಂದೇ; ಆದರೆ ಕಾರ್ಡಿನವರು ಕೂಗಿದ ಬೆಲೆಯು ಸರಾಸರಿಯಲ್ಲಿ ನಗದಿನವರ ಎರಡರಷ್ಟಕ್ಕಿಂತ ಹೆಚ್ಚಾಗಿತ್ತು. ಓದಿದವರ ಗತಿಯೇ ಹೀಗಿದ್ದರೆ, ಸಂತೆಯಲ್ಲಿ ಮಕ್ಕಳ ಕೈಹಿಡಿದು ನಿಂತ ನಾವು ಹೆಚ್ಚು ಜಾಣರೆಂದು ಹೇಗೆ ನಂಬೋಣ? ಬಡ್ಡಿ ಕೊಡಲಿಲ್ಲವೆಂದು ಸಂತೋಷಪಡುವವನು, ಬೇಡದ ಸಾಮಾನು ಎಷ್ಟು ಕೊಂಡೆನೆಂಬದನ್ನೂ ಎಣಿಸಬೇಕು.

ಎರಡನೆಯದು, ಆ ಬಹುಮಾನದ ಮೂಲ. ಬ್ಯಾಂಕು ತನ್ನ ಮನೆಯಿಂದ ಯಾರಿಗೂ ದಾನ ಮಾಡುವದಿಲ್ಲ. ಅಂಗಡಿಯವರಿಂದ ತೆಗೆಯುವ ಶುಲ್ಕವೂ, ಕಾರ್ಡಿನ ವಾರ್ಷಿಕ ಶುಲ್ಕವೂ, ಬಾಕಿದಾರರಿಂದ ಬರುವ ಬಡ್ಡಿ ದಂಡಗಳೂ ಸೇರಿ ಅದರ ಆದಾಯವಾಗುತ್ತವೆ. ಹೀಗಿರಲಾಗಿ ನಮ್ಮ ಬಹುಮಾನದಲ್ಲಿ ತೀರಿಸಲಾರದೆ ನರಳುವ ನೆರೆಯವನ ಹಣವೂ ಕೊಂಚ ಸೇರಿರುತ್ತದೆ. ಇದರ ನಿಮಿತ್ತ ಕಾರ್ಡನ್ನು ಸುಟ್ಟುಬಿಡಿರೆಂದು ನಾವು ಹೇಳುವದಿಲ್ಲ. ಆದರೆ ಸಾಮರ್ಥ್ಯವಿಲ್ಲದ ತಮ್ಮನಿಗೋ ಗೆಳೆಯನಿಗೋ, ನೀನೂ ಒಂದು ತೆಗೆದುಕೋ, ಬಹಳ ಲಾಭ ಎಂದು ಹೊಗಳಿ ಹೇಳಿ ಅವನನ್ನು ಹಳ್ಳಕ್ಕೆ ನಡಿಸಬಾರದು. ಬಲವುಳ್ಳವನಿಗೆ ಹಾನಿಯಾಗದ ದಾರಿಯಲ್ಲಿ ಬಲಹೀನನು ಎಡವಿದರೆ, ದಾರಿ ತೋರಿಸಿದವನಿಗೂ ಅದರಲ್ಲಿ ಪಾಲುಂಟು.

ಇನ್ನೊಬ್ಬನ ಮಾತು ಹೆಚ್ಚು ಕಠಿಣವಾದದ್ದು. ಅವನು ಹೀಗನ್ನುತ್ತಾನೆ: ನನ್ನ ಲೆಕ್ಕದಲ್ಲಿ ಹಣವಿಲ್ಲ, ಸುಗ್ಗಿ ಇನ್ನೂ ದೂರ, ಮಗುವಿಗೆ ಜ್ವರ, ಕಾರ್ಡು ಬಿಟ್ಟರೆ ನನಗೆ ಬೇರೆ ಯಾರು? ಇವನಿಗೆ ಲೆಕ್ಕದ ಪಾಠವನ್ನು ಹೇಳಿ ಕಳುಹಿಸುವದು ಕ್ರೂರತನ. ಹಸಿದ ಮಗುವಿಗೆ ಅನ್ನ ಕೊಡುವದಕ್ಕೆ ಸಾಲ ಮಾಡಿದ ತಂದೆಯನ್ನು ನಾವು ಪಾಪಿಯೆನ್ನುವದಿಲ್ಲ. ಆದರೆ ನಮ್ಮ ನಡುವೆ ಇರುವವನು ಮೂರೂವರೆ ರೂಪಾಯಿ ಬಡ್ಡಿಯ ಅನ್ನವನ್ನು ಉಣ್ಣುವ ಹಾಗಾದದ್ದು ಅವನೊಬ್ಬನ ತಪ್ಪೋ, ನಮ್ಮೆಲ್ಲರ ತಪ್ಪೋ ಎಂದು ವಿಚಾರಿಸಬೇಕು. ಹಿಂದೆ ಊರಿನ ಅಂಗಡಿಯಲ್ಲಿ ಉದ್ರಿ ಬರೆಸುವದಿತ್ತು. ಅದರಲ್ಲಿಯೂ ಮೋಸವಿತ್ತು, ಅವಮಾನವಿತ್ತು; ಆ ಕಾಲವನ್ನು ನಾವು ಹೊಗಳುವದಿಲ್ಲ. ಆದರೂ ಅಂಗಡಿಯವನು ಮುಖ ನೋಡುತ್ತಿದ್ದನು. ಬಾಕಿ ಬೆಳೆದರೆ, ಏನಣ್ಣಾ, ಮನೆಯಲ್ಲಿ ಏನಾದರೂ ತೊಂದರೆಯೋ ಎಂದು ಕೇಳುತ್ತಿದ್ದನು, ಇಲ್ಲವೆ ಇನ್ನು ಕೊಡಲಾರೆನು ಎಂದು ನಿಲ್ಲಿಸುತ್ತಿದ್ದನು. ಕಾರ್ಡಿಗೆ ಕಣ್ಣಿಲ್ಲ. ಅದು ಗೊತ್ತುಮಾಡಿದ ಮಿತಿಯು ಮುಟ್ಟುವ ವರೆಗೂ ಸುಮ್ಮನೆ ಕೊಡುತ್ತಲೇ ಇರುವದು. ನೆರೆಯವರಿಗೂ, ಕೆಲವು ಸಾರಿ ಹೆಂಡತಿಗೂ, ಸಂಗತಿ ತಿಳಿಯುವದು ವಸೂಲಿಯವರು ಫೋನು ಮಾಡಲು ತೊಡಗಿದ ಮೇಲೆಯೇ.

ಆದದರಿಂದ ಕಷ್ಟದಲ್ಲಿರುವವನು ಮೊದಲು ಬಾಯಿಬಿಟ್ಟು ಹೇಳಬೇಕು. ಕೇಳಿದವರು ಅದನ್ನು ಊರೆಲ್ಲ ಸಾರದೆ ಸಹಾಯ ಮಾಡಬೇಕು. ಸಹಕಾರಿ ಸಂಘವೂ ಸ್ತ್ರೀಯರ ಸ್ವಸಹಾಯ ಸಂಘವೂ ಇದಕ್ಕಾಗಿಯೇ ಇರುತ್ತವೆ. ಕಷ್ಟಕಾಲಕ್ಕೆಂದು ಸಭೆಯವರು ತಿಂಗಳಿಗೆ ಕೊಂಚ ಕೊಂಚ ಕೂಡಿಸಿಟ್ಟರೆ, ಒಂದು ಮನೆಯ ಒಂದು ತಿಂಗಳ ಅಕ್ಕಿಯಷ್ಟು ಹಣ ಸೇರುವದು ದೊಡ್ಡ ಕೆಲಸವಲ್ಲ. ಅಷ್ಟೇ ಹಣವು ಆ ಮನೆಯನ್ನು ವರುಷಗಳ ಬಡ್ಡಿಯಿಂದ ತಪ್ಪಿಸಬಹುದು. ಮೋಶೆಯ ಧರ್ಮಶಾಸ್ತ್ರದಲ್ಲಿ, ಸಾಲ ಕೊಟ್ಟವನು ಸಾಲಗಾರನ ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆಯಬಾರದೆಂಬ ವಿಧಿ ಇರುವದನ್ನು ನಾವೆಲ್ಲರು ಬಲ್ಲೆವು. ಸಾಲವು ಹೊಲದ ತನಕ ಬಂದರೂ ಬರಲಿ, ರೊಟ್ಟಿಯ ಹಿಟ್ಟಿನ ತನಕ ಬರಬಾರದೆಂಬದು ಅದರ ತಾತ್ಪರ್ಯ. ಕೊಡುವವನಿಗೆ ವಿಧಿಸಿದ ಈ ಮೇರೆಯನ್ನು ತೆಗೆದುಕೊಳ್ಳುವವರಾದ ನಾವೇ ದಾಟಿ, ನಮ್ಮ ಬೀಸುವ ಕಲ್ಲನ್ನು ನಾವಾಗಿ ಹೊತ್ತುಕೊಂಡು ಹೋಗಿ ಒಪ್ಪಿಸಬೇಕೋ?

ಕಾರ್ಡು ಇಟ್ಟುಕೊಂಡಿರುವವರಿಗೋಸ್ಕರ ಕೆಲವು ಬುದ್ಧಿಯ ಮಾತುಗಳನ್ನು ಹೇಳುತ್ತೇವೆ. ಲೆಕ್ಕದಲ್ಲಿ ಈಗಲೇ ಇರುವ ಹಣಕ್ಕಿಂತ ಒಂದು ರೂಪಾಯಿಯನ್ನಾದರೂ ಹೆಚ್ಚಾಗಿ ಮನೆಖರ್ಚಿಗೆ ಕಾರ್ಡಿನಿಂದ ತೆಗೆಯಬೇಡಿರಿ. ಬ್ಯಾಂಕು ಕೊಟ್ಟ ಮಿತಿಯು ನಿಮ್ಮ ಶಕ್ತಿಯ ಅಳತೆಯಲ್ಲ. ಅದನ್ನು ಕಡಿಮೆ ಮಾಡಿರೆಂದು ನೀವೇ ಕೇಳಬಹುದು. ಬಿಲ್ಲನ್ನು ಗಂಡ ಹೆಂಡಿರು ಕೂಡಿ ಓದಿರಿ. ಒಬ್ಬರು ಅಡಗಿಸಿಡುವ ಲೆಕ್ಕದಲ್ಲಿ ಸತ್ಯವಿರುವದು ಅಪರೂಪ. ನಗದು ತೆಗೆಯಬೇಡಿರಿ. ಒಂದು ಕಾರ್ಡಿನ ಸಾಲವನ್ನು ಮತ್ತೊಂದು ಕಾರ್ಡಿನಿಂದ ತೀರಿಸುವ ಆಟಕ್ಕೆ ಇಳಿಯಬೇಡಿರಿ. ನೆಂಟರು ಕೇಳಿದರೆಂದು ನಿಮ್ಮ ಕಾರ್ಡಿನಿಂದ ಅವರಿಗೆ ಫೋನು, ಟಿವಿ ಕೊಡಿಸಬೇಡಿರಿ. ಅವರು ಕಂತು ತಪ್ಪಿಸಿದರೆ ಬ್ಯಾಂಕು ಕೇಳುವದು ನಿಮ್ಮನ್ನೇ, ಆಗ ಹಣದ ಸಂಗಡ ನೆಂಟಸ್ತಿಕೆಯೂ ಹೋಗುವದು. ಈಗಾಗಲೇ ಸಿಕ್ಕಿಕೊಂಡಿರುವವರು ಮೊದಲು ಕಾರ್ಡಿನಿಂದ ಕೊಳ್ಳುವದನ್ನು ನಿಲ್ಲಿಸಿ, ಬ್ಯಾಂಕಿಗೆ ಹೋಗಿ ಮಾತಾಡಿ, ಕಡಿಮೆ ಬಡ್ಡಿಯ ಬೇರೆ ಸಾಲದಿಂದಾಗಲಿ ಕಂತುಗಳಿಂದಾಗಲಿ ಅದನ್ನು ತೀರಿಸಲು ಪ್ರಯತ್ನಿಸಲಿ. ಬಾಕಿಯೆಲ್ಲ ತೀರಿಸಿ ಕಾರ್ಡನ್ನು ಮುಚ್ಚಿರೆಂದು ಕೇಳಿದರೆ, ೨೦೨೨ರ ನಿಯಮದ ಮೇರೆಗೆ ಬ್ಯಾಂಕು ೭ ಕೆಲಸದ ದಿವಸಗಳೊಳಗೆ ಮುಚ್ಚತಕ್ಕದ್ದು. ತಡಮಾಡಿದರೆ ದಿವಸಕ್ಕೆ ೫೦೦ ರೂಪಾಯಿ ದಂಡವು ನಿಮಗೆ ಸಲ್ಲತಕ್ಕದ್ದು.

ಹೀಗೆ ವಿಚಾರಿಸಿದಾಗ ನಮಗೆ ತೋರುವದೇನಂದರೆ, ಕಾರ್ಡು ತಾನಾಗಿ ಕೆಟ್ಟದ್ದಲ್ಲ. ಅದನ್ನು ಹಿಡಿದಿರುವ ಮನೆಯಲ್ಲಿ ಹಣವು ಅನ್ನಕ್ಕಿಂತ ಮುಂಚೆ ಬಂದಿದೆಯೋ ಹಿಂದೆ ಬರುವದೋ ಎಂಬದೇ ಪ್ರಶ್ನೆ. ಮುಂಚೆ ಬಂದಿದ್ದರೆ ಕಾರ್ಡು ಒಂದು ಸೌಕರ್ಯ. ಹಿಂದೆ ಬರುವದಾದರೆ ಅದು ನಮ್ಮ ಮಕ್ಕಳ ಬಟ್ಟಲಿನಿಂದ ನಾವೇ ತೆಗೆದುಕೊಳ್ಳುವ ತುತ್ತು. ನಮ್ಮ ಪ್ರಾರ್ಥನೆಯಲ್ಲಿ ನಾವು ದಿನಕ್ಕೆ ಬೇಕಾದ ಆಹಾರವನ್ನು ಆ ದಿನಕ್ಕೆಂದು ಬೇಡುವವರಾಗಿದ್ದೇವೆ. ಹಾಗೆ ಬೇಡುವ ಮನೆಯಲ್ಲಿ ಊಟವು ಸ್ವಲ್ಪವಾಗಿದ್ದರೂ, ಅದರ ಲೆಕ್ಕವು ಅಂದಿನ ದಿವಸವೇ ತೀರಿದ್ದಾಗಿರಲಿ.